ಗೇರ್‌ಬಾಕ್ಸ್ ಇಳಿಸಬೇಕು ಅಂದರು, ನಾನು ಹ್ಯಾಂಡ್ ಬ್ರೇಕ್ ಬಿಗಿ ಮಾಡಿದೆ

ಕಾರು 2011ರದ್ದು, ಸೆಕೆಂಡ್ ಹ್ಯಾಂಡ್. ಪೆಟ್ರೋಲ್ ಸೆಡಾನ್, 4 ಸ್ಪೀಡ್ ಆಟೋಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಹಳೇ ಥರದ ಗೇರ್‌ಬಾಕ್ಸ್. ತಗೊಂಡಾಗ ಮೀಟರ್‌ನಲ್ಲಿ 94,000 ಕಿಲೋಮೀಟರ್ ಇತ್ತು. ಮೊದಲ ಒಂದು ವರ್ಷ ಏನೂ ತೊಂದರೆ ಕೊಡಲಿಲ್ಲ. ಕೊಡುತ್ತಿತ್ತೇನೋ, ನನಗೆ ಕೇಳಿಸಲಿಲ್ಲ.

ಮನೆ ಇರುವುದು ಹನುಮಂತನಗರದ ಇಳಿಜಾರು ರಸ್ತೆಯಲ್ಲಿ. ಗೇಟಿನ ಮುಂದೆ ನಿಂಬೆಹಣ್ಣು ಬಿಟ್ಟರೆ ಕೆಳಗಿನ ಕ್ರಾಸ್‌ವರೆಗೂ ಉರುಳಿಕೊಂಡು ಹೋಗುತ್ತದೆ. ಕಾರು ನಿಲ್ಲಿಸುವುದೂ ಅದೇ ರಸ್ತೆ ಬದಿಯಲ್ಲಿ.

ಶುರುವಾಗಿದ್ದು ಬೆಳಿಗ್ಗೆ ಹೊತ್ತಿನ ಒಂದು ಶಬ್ದದಿಂದ. ಪಾರ್ಕ್‌ನಿಂದ ರಿವರ್ಸ್‌ಗೆ ಲಿವರ್ ಎಳೆದರೆ ಕೆಳಗೆ ಎಲ್ಲೋ 'ಧಡ್'. ಲಿವರ್ ಕೂಡ ಸಲೀಸಾಗಿ ಬರುತ್ತಿರಲಿಲ್ಲ, ತುಕ್ಕು ಹಿಡಿದ ಚಿಲಕ ಎಳೆದ ಹಾಗೆ. ಆಮೇಲೆ ಡ್ರೈವ್‌ಗೆ ಹಾಕಿದರೆ ಒಂದು ಸೆಕೆಂಡು ಸುಮ್ನೆ ನಿಂತು, ಜರ್ಕ್ ಹೊಡೆದು ಹೊರಡುತ್ತಿತ್ತು. ಗ್ಯಾರೇಜಿಗೆ ಒಯ್ದೆ. ಅವರು ಒಂದು ರೌಂಡ್ ಓಡಿಸಿ, ಬಾನೆಟ್ ಕೂಡ ಎತ್ತದೆ, "ಸಾರ್, ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು" ಅಂದರು. ಹೇಳಿದ ರೇಟು ಕಾರಿನ ಬೆಲೆಯ ಅರ್ಧ. ಮನೆಗೆ ಬಂದು ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಆಯಿಲ್ ಆದ್ರೂ ನೋಡಿದ್ರಾ ಅವ್ರು?"

ನೋಡಿರಲಿಲ್ಲ. ಸರಿ, ಇಳಿಸುವ ಮೊದಲು ಹೊರಗಿನಿಂದ ನೋಡಬಹುದಾದ್ದನ್ನೆಲ್ಲ ನಾನೇ ನೋಡೋಣ ಅಂತ ಹೊರಟೆ. ನಾನು ಮೆಕ್ಯಾನಿಕ್ ಅಲ್ಲ. ಇಂಜಿನ್ ಆಯಿಲ್, ಬ್ರೇಕ್ ಪ್ಯಾಡ್ ಬದಲಾಯಿಸುವಷ್ಟು ಕೈ ಪಳಗಿದೆ, ಅಷ್ಟೇ.

ಮೊದಲ ಶನಿವಾರ: ಲಿವರ್ ಅಲ್ಲಾಡಲೇ ಇಲ್ಲ

ಕಾರೇ ಮುಹೂರ್ತ ಇಟ್ಟುಕೊಟ್ಟಿತು. ಆಯಿಲ್ ನೋಡೋಕೆ ಸಮತಟ್ಟು ಜಾಗ ಬೇಕು, ಬನಶಂಕರಿಯಲ್ಲಿ ಗೆಳೆಯನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಹೋಗೋಣ ಅಂತ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಲಿವರ್ ಎಳೆದರೆ ಪಾರ್ಕ್‌ನಿಂದ ಅಲ್ಲಾಡಲೇ ಇಲ್ಲ. ಲಿವರ್ ಮೇಲಿನ ಬಟನ್ ಒಳಗೇ ಹೋಗುತ್ತಿಲ್ಲ. ಎರಡು ಸಲ ಜೋರಾಗಿ ಎಳೆದೆ. ಹಾಗೆ ಎಳೆಯಬಾರದಿತ್ತು, ಒಳಗಿನ ಪ್ಲಾಸ್ಟಿಕ್ ಮುರಿದು ಹೋದರೆ ಅದು ಬೇರೆ ಖರ್ಚು. ಗ್ಯಾರೇಜಿನವರು ಹೇಳಿದ್ದು ನಿಜ ಆಯಿತಲ್ಲ ಅಂತ ಕೂತಿದ್ದೆ. ಅಷ್ಟರಲ್ಲಿ ಕಾರಿನ ಹಿಂದೆ ಸೈಕಲ್ ಹಿಡಿದು ನಿಂತಿದ್ದ ಎದುರು ಮನೆ ಹುಡುಗ, "ಅಂಕಲ್, ನಿಮ್ ಬ್ರೇಕ್ ಲೈಟ್ ಬರ್ತಾನೇ ಇಲ್ಲ" ಅಂದ.

ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕ್ ಒತ್ತದೆ ಲಿವರ್ ಪಾರ್ಕ್‌ನಿಂದ ಹೊರಗೆ ಬರದ ಹಾಗೆ ಒಂದು ಬೀಗ ಇರುತ್ತದೆ, ಶಿಫ್ಟ್ ಲಾಕ್ ಅಂತ. ನೀವು ಬ್ರೇಕ್ ಒತ್ತಿದ್ದೀರಾ ಅಂತ ಅದಕ್ಕೆ ತಿಳಿಸುವುದು ಹಿಂದಿನ ಕೆಂಪು ಲೈಟ್ ಹತ್ತಿಸುವ ಅದೇ ಸ್ವಿಚ್. ಸ್ವಿಚ್ ಸತ್ತರೆ ಲೈಟೂ ಇಲ್ಲ, ಲಿವರೂ ಇಲ್ಲ. ಸೀಟು ಪೂರ್ತಿ ಹಿಂದೆ ತಳ್ಳಿ, ತಲೆ ಪೆಡಲ್ ಹತ್ತಿರ ಬರುವ ಹಾಗೆ ಮಲಗಿ ಟಾರ್ಚ್ ಬಿಟ್ಟೆ. ಬ್ರೇಕ್ ಪೆಡಲ್‌ನ ಮೇಲ್ಗಡೆ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಸ್ವಿಚ್, ಅದಕ್ಕೆ ಎರಡು ವೈರು. ಕನೆಕ್ಟರ್ ಬಿಚ್ಚಿ ಅದರ ಎರಡು ತೂತಿಗೂ ಒಂದು ತಂತಿ ತುಂಡು ಸೇರಿಸಿದೆ. "ಬಂತು ಬಂತು!" ಅಂತ ಹುಡುಗ ಕೂಗಿದ. ಅಂದರೆ ಬಲ್ಬು, ಫ್ಯೂಸು, ವೈರು ಎಲ್ಲ ಸರಿ, ಸ್ವಿಚ್ ಮಾತ್ರ ಹೋಗಿದೆ. ಸ್ಕೂಟರ್‌ನಲ್ಲಿ ಜೆ.ಸಿ. ರಸ್ತೆಗೆ ಹೋಗಿ ಹೊಸದು ತಂದು ಹಾಕಿದೆ. ಹೋಗಿ ಬರೋಕೆ ಎರಡು ಗಂಟೆ, ಹಾಕೋಕೆ 15 ನಿಮಿಷ. ಹುಡುಗನಿಗೆ ಐಸ್‌ಕ್ರೀಮ್.

ನಡುದಾರಿಯಲ್ಲಿ ಹೀಗಾದರೆ ಬಹಳ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದನ್ನು ಕಿತ್ತು, ಕಾಲು ಬ್ರೇಕ್ ಮೇಲೆ ಇಟ್ಟುಕೊಂಡೇ, ಒಳಗೆ ಕೀಲಿ ತುದಿಯಿಂದ ಒತ್ತಿದರೆ ಲಿವರ್ ಬಿಡುತ್ತದೆ. ಆದರೆ ಬ್ರೇಕ್ ಲೈಟ್ ಇಲ್ಲದ ಕಾರನ್ನು ಓಡಿಸುತ್ತಿದ್ದೀರಿ ಅನ್ನುವುದು ನೆನಪಿರಲಿ, ಹಿಂದಿನಿಂದ ಬರುವ ಬಸ್ಸಿನವನಿಗೆ ಅದು ಗೊತ್ತಿರಲ್ಲ.

ಭಾನುವಾರ: ಕೊಂಡಿಗೆ ನೇತುಬಿದ್ದ ಕಾರು

ಸ್ವಿಚ್ ಆಯಿತು, ಆದರೆ ಲಿವರ್ ಬಿಗಿ ಹಾಗೇ ಇತ್ತು, 'ಧಡ್' ಕೂಡ. ಗೆಳೆಯನ ಬೇಸ್‌ಮೆಂಟಿನಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಸಮತಟ್ಟು ನೆಲದಲ್ಲಿ ನಿಲ್ಲಿಸಿದರೆ ಲಿವರ್ ಬೆಣ್ಣೆ ಹಾಗೆ ಬರುತ್ತದೆ. ಶಬ್ದವೂ ಅರ್ಧಕ್ಕರ್ಧ ಕಡಿಮೆ. ಕೆಟ್ಟ ಗೇರ್‌ಬಾಕ್ಸ್ ರಸ್ತೆ ನೋಡಿ ಕೆಡುತ್ತಾ?

ಪಾರ್ಕ್ ಅನ್ನುವುದು ಬ್ರೇಕ್ ಅಲ್ಲ. ಗೇರ್‌ಬಾಕ್ಸ್‌ನಿಂದ ಗಾಲಿ ಕಡೆಗೆ ಹೋಗುವ ಶಾಫ್ಟ್ ಮೇಲೆ ಒಂದು ಹಲ್ಲಿನ ಚಕ್ರ ಇರುತ್ತದೆ. ಪಾರ್ಕ್‌ಗೆ ಹಾಕಿದಾಗ ಬೆರಳು ಗಾತ್ರದ ಒಂದು ಕಬ್ಬಿಣದ ಕೊಂಡಿ ಆ ಹಲ್ಲುಗಳ ಸಂದಿಗೆ ಬೀಳುತ್ತದೆ. ಎತ್ತಿನ ಗಾಡಿ ಚಕ್ರದ ಅರಗಳ ನಡುವೆ ಕೋಲು ತೂರಿಸಿದ ಹಾಗೆ, ಅಷ್ಟೇ ವಿದ್ಯೆ. ಇಳಿಜಾರಿನಲ್ಲಿ ಮೊದಲು ಪಾರ್ಕ್‌ಗೆ ಹಾಕಿ ಬ್ರೇಕ್ ಬಿಟ್ಟರೆ ಕಾರು ಒಂದೆರಡು ಇಂಚು ಜರುಗಿ ತನ್ನ ಪೂರ್ತಿ ಭಾರವನ್ನು ಆ ಕೊಂಡಿ ಮೇಲೆ ಹಾಕುತ್ತದೆ. ಬೆಳಿಗ್ಗೆ ಅದನ್ನು ಎಳೆದು ಬಿಡಿಸುವುದು ನಮ್ಮ ಕೈ. ಆ ಬಿಗಿ ಅದೇ, ಶಬ್ದದಲ್ಲಿ ಅರ್ಧ ಪಾಲು ಅದೇ.

ಆದರೆ ನಾನು ದಿನಾ ಹ್ಯಾಂಡ್ ಬ್ರೇಕ್ ಹಾಕುತ್ತಿದ್ದೆನಲ್ಲ! ಬೇಸ್‌ಮೆಂಟಿನ ರ‍್ಯಾಂಪ್ ಮೇಲೆ ಪರೀಕ್ಷೆ ಮಾಡಿದೆ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಕಾಲನ್ನು ನಿಧಾನವಾಗಿ ಎತ್ತಿದೆ. ಕಾರು ಜಾರಿತು. ಎಣಿಸಿದರೆ 11 ಕ್ಲಿಕ್. ನನ್ನ ಕಾರಿನ ಪುಸ್ತಕ 5ರಿಂದ 7 ಅನ್ನುತ್ತದೆ. ಅಂದರೆ ಇಷ್ಟು ದಿನ ಹ್ಯಾಂಡ್ ಬ್ರೇಕ್ ಬರೀ ಶಾಸ್ತ್ರಕ್ಕೆ ಇತ್ತು, ಕಾರು ರಾತ್ರಿಯೆಲ್ಲ ಕೊಂಡಿಗೇ ನೇತಾಡುತ್ತಿತ್ತು.

ಹಿಂದಿನ ಎರಡೂ ಗಾಲಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ, ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆ. ಡ್ರಮ್ ಬಿಚ್ಚಿದರೆ ಒಳಗೆ ಕಪ್ಪು ಪುಡಿ. ಅದನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಶೂ ಅಂದರೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಭಾಗ, ಅದರ ಮೇಲಿನ ಲೈನರ್ ಇನ್ನೂ ಚೆನ್ನಾಗೇ ಇತ್ತು. ಮೊದಲು ಡ್ರಮ್ ಒಳಗಿನ ಅಡ್ಜಸ್ಟರ್ ಹಲ್ಲು ತಿರುಗಿಸಿ ಶೂ ಹತ್ತಿರ ತಂದೆ, ಆಮೇಲೆ ಸೀಟುಗಳ ನಡುವಿನ ಕವರ್ ತೆಗೆದು ಕೇಬಲ್ ನಟ್ ಬಿಗಿ ಮಾಡಿದೆ. ಈ ಕ್ರಮ ತಪ್ಪಿಸಿ ಬರೀ ಕೇಬಲ್ ಎಳೆದರೆ ಬ್ರೇಕ್ ಉಜ್ಜಿಕೊಂಡೇ ಓಡುತ್ತದೆ. 6 ಕ್ಲಿಕ್‌ಗೆ ಗಾಲಿ ಹಿಡಿಯಿತು. ಬಿಟ್ಟರೆ ಕೈಯಲ್ಲಿ ಸಲೀಸಾಗಿ ತಿರುಗಿತು.

ಈಗ ಮನೆ ಮುಂದೆ ನಿಲ್ಲಿಸುವ ರೀತಿ ಹೀಗೆ: ಕಾಲು ಬ್ರೇಕ್ ಮೇಲೆ, ಲಿವರ್ ನ್ಯೂಟ್ರಲ್‌ಗೆ, ಹ್ಯಾಂಡ್ ಬ್ರೇಕ್ ಎಳೆಯುವುದು, ಕಾಲನ್ನು ಮೆಲ್ಲಗೆ ಎತ್ತಿ ಕಾರು ಹ್ಯಾಂಡ್ ಬ್ರೇಕ್ ಮೇಲೆ ಕೂರುವುದನ್ನು ನೋಡುವುದು, ಮತ್ತೆ ಬ್ರೇಕ್ ಒತ್ತಿ ಪಾರ್ಕ್‌ಗೆ ಹಾಕಿ ಆಫ್ ಮಾಡುವುದು. ಓದೋಕೆ ಉದ್ದ, ಮಾಡೋಕೆ 4 ಸೆಕೆಂಡು. ಬೆಳಿಗ್ಗೆ ಹೊರಡುವಾಗ ಕಾಲು ಬ್ರೇಕ್ ಮೇಲಿಟ್ಟು ಮೊದಲು ಲಿವರ್ ಪಾರ್ಕ್‌ನಿಂದ ತೆಗೆದು, ಆಮೇಲೆ ಹ್ಯಾಂಡ್ ಬ್ರೇಕ್ ಬಿಡುವುದು. ಮೊದಲ ದಿನವೇ ಚಿಲಕದ ಬಿಗಿ ಮಾಯ.

ಎರಡನೇ ವಾರ: ಕುಣಿಯುವ ಇಂಜಿನ್

ಉಳಿದ ಅರ್ಧ ಶಬ್ದಕ್ಕೆ ಬಾನೆಟ್ ಎತ್ತಿದೆ. ನಾಲ್ಕೂ ಗಾಲಿಗೆ ಕಲ್ಲು, ಹ್ಯಾಂಡ್ ಬ್ರೇಕ್, ಹೆಂಡತಿ ಸೀಟಿನಲ್ಲಿ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು. ನಾನು ಕಾರಿನ ಮುಂದೆ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತೆ. ಮದುವೆಯಾಗಿ 9 ವರ್ಷ ಆಗಿದೆ, ನಂಬಿಕೆ ಇದೆ, ಆದರೂ. "ರಿವರ್ಸ್" ಅಂದೆ. ಇಂಜಿನ್ ಬಲಗಡೆಯಿಂದ ಎರಡು ಬೆರಳಿನಷ್ಟು ಮೇಲೆದ್ದು ಧಡ್ ಅಂತ ಕೂತಿತು. "ಡ್ರೈವ್" ಅಂದೆ. ಆ ಕಡೆಗೆ ಎದ್ದು ಮತ್ತೆ ಧಡ್. ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ರಬ್ಬರಿನ ಮೌಂಟಿಂಗ್ ಗಟ್ಟಿ ಇದ್ದರೆ ಇಂಜಿನ್ ಸ್ವಲ್ಪ ಮಿಸುಕುತ್ತದೆ, ಹೀಗೆ ಕುಣಿಯುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಬಲಗಡೆ ಮೌಂಟಿಂಗ್‌ನ ರಬ್ಬರ್ ನಡುವೆ ಹರಿದು ಬಾಯಿ ಬಿಟ್ಟಿತ್ತು.

ರಬ್ಬರ್‌ಗೆ ವಯಸ್ಸಾಗಿತ್ತು, ನಿಜ. ಆದರೆ ಹರಿದಿದ್ದರಲ್ಲಿ ನನ್ನ ಪಾಲೂ ಇದೆ. ನಮ್ಮ ರಸ್ತೆ ಸಣ್ಣದು. ರಿವರ್ಸ್ ತೆಗೆದು ತಿರುಗಿಸುವಾಗ ಕಾರು ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ಡ್ರೈವ್‌ಗೆ ಎಳೆಯುವುದು ನನಗೆ ಅಭ್ಯಾಸ ಆಗಿತ್ತು. ಹಿಂದೆ ಸ್ಕೂಟರಿನವನು ಹಾರ್ನ್ ಹೊಡೆಯುತ್ತಿರುತ್ತಾನೆ, ಅವಸರ. ಹಾಗೆ ಎಳೆದಾಗ ಹಿಂದೆ ಹೋಗುತ್ತಿರುವ ಕಾರನ್ನು ನಿಲ್ಲಿಸುವ ಕೆಲಸ ಬ್ರೇಕ್‌ನದ್ದಲ್ಲ, ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳದ್ದು. ಅವು ಜಾರಿಕೊಂಡು, ಬಿಸಿಯಾಗಿ, ಸವೆದು ಆ ಭಾರ ಹೊರುತ್ತವೆ, ಅದರ ಏಟು ಮೌಂಟಿಂಗ್‌ಗೂ ಬೀಳುತ್ತದೆ. ಬ್ರೇಕ್ ಪ್ಯಾಡ್ ಸವೆದರೆ ಗಾಲಿ ಬಿಚ್ಚಿ ಅರ್ಧ ಗಂಟೆಯಲ್ಲಿ ಹಾಕಬಹುದು. ಈ ಪ್ಲೇಟ್ ಸವೆದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಈಗ ಪೂರ್ತಿ ನಿಲ್ಲಿಸಿ, ಲಿವರ್ ಎಳೆದು, ಗೇರ್ ಕೂತಿದ್ದು ಸೀಟಿಗೆ ಗೊತ್ತಾದ ಮೇಲೆ ಆಕ್ಸಿಲರೇಟರ್. ಸ್ಕೂಟರಿನವನು ಹಾರ್ನ್ ಹೊಡೆದುಕೊಳ್ಳಲಿ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಇಂಜಿನ್ ಜೋರಾಗಿ ಓಡುತ್ತಿರುತ್ತದಲ್ಲ, ಆಗಲೂ ಗೇರ್ ಹಾಕುತ್ತಿಲ್ಲ. ಅರ್ಧ ನಿಮಿಷದಲ್ಲಿ ಅದು ತಗ್ಗುತ್ತದೆ, ಆಗ ಗೇರ್ ಮೆತ್ತಗೆ ಕೂರುತ್ತದೆ.

ಮೌಂಟಿಂಗ್ ಬದಲಾಯಿಸಿದ್ದು ದೊಡ್ಡ ಕಥೆ ಅಲ್ಲ. ಇಂಜಿನ್ ಅಡಿಗೆ ಮರದ ಹಲಗೆ ಇಟ್ಟು ಅದರ ಮೇಲೆ ಜಾಕ್ ಕೊಟ್ಟು ಭಾರ ಹಿಡಿಸಿದೆ. ಹಲಗೆ ಇಲ್ಲದಿದ್ದರೆ ಸಂಪ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ನೆಗ್ಗುತ್ತದೆ. ಬೋಲ್ಟುಗಳಲ್ಲಿ ಒಂದು ಮಾತ್ರ ಮುಕ್ಕಾಲು ಗಂಟೆ ತಿಂದಿತು, ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಬೇಕಿತ್ತು. ಹೊಸದು ಹಾಕಿದ ಮೇಲೆ ರಿವರ್ಸ್‌ಗೆ ಹಾಕಿದರೆ ಧಡ್ ಇಲ್ಲ. ಹೆಂಡತಿ "ಗೇರ್ ಬಿತ್ತಾ?" ಅಂತ ಕೇಳಿದಳು.

ಮೂರನೇ ವಾರ: ಆಯಿಲ್

ಡ್ರೈವ್‌ಗೆ ಹಾಕಿದಾಗ ಒಂದು ಸೆಕೆಂಡು ತಡ ಆಗುವುದು ಮಾತ್ರ ಉಳಿದಿತ್ತು. ನನ್ನ ಕಾರಿನಲ್ಲಿ ಗೇರ್ ಆಯಿಲ್ ನೋಡುವ ಸ್ಟಿಕ್ ಇದೆ. ಸಮತಟ್ಟು ನೆಲ, ಗೇರ್‌ಬಾಕ್ಸ್ ಬಿಸಿ ಆಗುವಷ್ಟು ಓಡಿಸಿರಬೇಕು, ಲಿವರನ್ನು ಪಾರ್ಕ್‌ನಿಂದ ಎಲ್‌ವರೆಗೆ (ಎಲ್ ಅಂದರೆ ಲೋ, ತೀರಾ ಕೆಳಗಿನ ಗೇರ್) ಒಂದೊಂದೇ ಗೇರ್‌ನಲ್ಲಿ ಎರಡು ಸೆಕೆಂಡು ನಿಲ್ಲಿಸಿ ವಾಪಸ್ ತಂದು, ಇಂಜಿನ್ ಓಡುತ್ತಿರುವಾಗಲೇ ಸ್ಟಿಕ್ ಎಳೆದು ನೋಡಬೇಕು. ಕೆಲವು ಕಂಪನಿಯ ಕಾರುಗಳಲ್ಲಿ ಇಂಜಿನ್ ಆಫ್ ಮಾಡಿ ನೋಡಬೇಕು, ಕೆಲವದರಲ್ಲಿ ಸ್ಟಿಕ್ಕೇ ಇಲ್ಲ. ಹಾಗಾಗಿ ನಿಮ್ಮ ಕಾರಿನ ಪುಸ್ತಕ ಏನು ಹೇಳುತ್ತದೋ ಅದೇ.

ಮಟ್ಟ ಸರಿ ಇತ್ತು. ಬಿಳಿ ಟಿಶ್ಯೂ ಮೇಲೆ ಒಂದು ತೊಟ್ಟು ಬಿಟ್ಟೆ. ಹೊಸ ಆಯಿಲ್ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಇದು ಹುಣಸೆ ರಸ. ಮೂಸಿದೆ, ಸೀದ ವಾಸನೆ ಇರಲಿಲ್ಲ. ಅದೊಂದು ಸಮಾಧಾನ.

"ಹಳೇ ಆಟೋಮ್ಯಾಟಿಕ್‌ಗೆ ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಕೂತುಬಿಡುತ್ತೆ" ಅಂತ ಹೇಳುವವರು ಬಹಳ. ನನ್ನ ಲೆಕ್ಕದಲ್ಲಿ, ಪ್ಲೇಟ್ ಸವೆದು, ಆಯಿಲ್ ಕರ್ರಗೆ ಸೀದು, ಗೇರ್ ಜಾರೋಕೆ ಶುರುವಾದ ಮೇಲೆ ಜನ ಆಯಿಲ್ ಹಾಕಿಸುತ್ತಾರೆ, ಮಾರನೇ ವಾರ ಅದು ನಿಲ್ಲುತ್ತದೆ, ಬೈಗುಳ ಹೊಸ ಆಯಿಲ್‌ಗೆ. ನನ್ನದು ಜಾರುತ್ತಿರಲಿಲ್ಲ. ಮೆಷಿನ್ ಹಾಕಿ ಪ್ರೆಶರ್‌ನಲ್ಲಿ ತೊಳೆಯುವುದು ಬೇಡ, ಇಳಿಸಿದಷ್ಟು ತುಂಬುವುದು ಅಂತ ತೀರ್ಮಾನಿಸಿದೆ.

ಇಲ್ಲೇ ಒಂದು ಎಡವಟ್ಟು ಆಗುತ್ತಿತ್ತು. ಅಡಿಯಲ್ಲಿ ಎರಡು ಪ್ಲಗ್, ಒಂದು ಇಂಜಿನ್ ಆಯಿಲ್‌ದು, ಒಂದು ಗೇರ್ ಆಯಿಲ್‌ದು, ನೋಡೋಕೆ ಅಕ್ಕ ತಂಗಿ. ಸ್ಪ್ಯಾನರ್ ಇಂಜಿನ್‌ದಕ್ಕೆ ಇಟ್ಟಾಗಿತ್ತು. ಯಾಕೋ ಅನುಮಾನ ಬಂದು ಪುಸ್ತಕದ ಚಿತ್ರ ಇನ್ನೊಂದು ಸಲ ನೋಡಿದೆ. ತಪ್ಪು ಪ್ಲಗ್ ಬಿಚ್ಚಿ ಇಂಜಿನ್ ಆಯಿಲ್ ಇಳಿಸಿ, ಗೇರ್‌ಬಾಕ್ಸ್‌ಗೆ ಇನ್ನೂ 3 ಲೀಟರ್ ತುಂಬಿ ಎರಡನ್ನೂ ಹಾಳು ಮಾಡಿಕೊಳ್ಳುವುದು ಹೀಗೇ.

ಬಿಸಿ ಆಯಿಲ್ ಕೈ ಸುಡುತ್ತದೆ, ಅರ್ಧ ಗಂಟೆ ಬಿಟ್ಟು ಬಿಚ್ಚಿದೆ. ಅಡುಗೆ ಎಣ್ಣೆಯ 5 ಲೀಟರ್ ಕ್ಯಾನಿನ ಹೊಟ್ಟೆ ಕೊಯ್ದು ಕೆಳಗೆ ಇಟ್ಟಿದ್ದೆ. ಪ್ಲಗ್ ತುದಿಯಲ್ಲಿ ಆಯಸ್ಕಾಂತ ಇರುತ್ತದೆ. ಅದಕ್ಕೆ ವಿಭೂತಿ ಕಲಸಿದ ಹಾಗೆ ಬೂದು ಬಣ್ಣದ ಮೆತ್ತನೆ ಪೇಸ್ಟ್ ಅಂಟಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ, ಚುಚ್ಚುವಂಥ ಚೂರು ಒಂದೂ ಸಿಗಲಿಲ್ಲ. ಪೇಸ್ಟ್ ಇರುವುದು ಸಹಜ. ಕಬ್ಬಿಣದ ಚೂರು ಸಿಕ್ಕಿದ್ದರೆ ಗ್ಯಾರೇಜಿನವರಿಗೆ ಫೋನ್ ಮಾಡುತ್ತಿದ್ದೆ.

ಕ್ಯಾನಿಗೆ ಬಿದ್ದದ್ದು ಸರಿಸುಮಾರು 3 ಲೀಟರ್. ಪುಸ್ತಕದ ಪ್ರಕಾರ ಒಳಗಿರುವುದು 6. ಉಳಿದರ್ಧ ಟಾರ್ಕ್ ಕನ್ವರ್ಟರ್ ಹೊಟ್ಟೆಯಲ್ಲಿ ಮತ್ತು ಸಂದಿಗೊಂದಿಯಲ್ಲಿ ಉಳಿದುಬಿಡುತ್ತದೆ, ಪ್ಲಗ್ ಬಿಚ್ಚಿದರೆ ಇಳಿಯುವುದಿಲ್ಲ. ಹುಳಿ ಮಜ್ಜಿಗೆಗೆ ನೀರು ಬೆರೆಸುವ ಲೆಕ್ಕ ಇದು. ಒಂದು ಸಲಕ್ಕೆ ಅರ್ಧ ಹಳೇದು ಉಳಿಯುತ್ತದೆ, ಎರಡನೇ ಸಲಕ್ಕೆ ಕಾಲು, ಮೂರನೇ ಸಲಕ್ಕೆ ಅರೆಕಾಲು. ಹಾಗಾಗಿ 9 ಲೀಟರ್ ತಂದಿದ್ದೆ, ಕಂಪನಿ ಹೇಳಿದ ಅದೇ ಗ್ರೇಡಿನದು. ಇದರಲ್ಲಿ ಜಿಪುಣತನ ಬೇಡ. ಸಿವಿಟಿ (ಹಲ್ಲಿನ ಗೇರ್ ಬದಲು ಬೆಲ್ಟ್ ಇರುವ) ಗೇರ್‌ಬಾಕ್ಸಿನ ಆಯಿಲ್ ಬೇರೆ, ಇದರ ಆಯಿಲ್ ಬೇರೆ, ಒಂದಕ್ಕೆ ಇನ್ನೊಂದು ಆಗಲ್ಲ.

ಪ್ಲಗ್‌ಗೆ ಹೊಸ ವಾಷರ್ ಹಾಕಿ, ಇಳಿದಷ್ಟೇ ಅಳೆದು, ಉದ್ದ ಪೈಪ್ ಸಿಕ್ಕಿಸಿದ ಲಾಳಿಕೆಯಿಂದ ಸ್ಟಿಕ್ ತೂತಿನಲ್ಲಿ ತುಂಬಿದೆ. ನಿಧಾನಕ್ಕೆ ಹೋಗುತ್ತದೆ, ಅವಸರ ಮಾಡಿದೆ, ಒಂದು ಲೋಟದಷ್ಟು ಸೈಲೆನ್ಸರ್ ಪೈಪ್ ಮೇಲೆ ಚೆಲ್ಲಿತು. ಸ್ಟಾರ್ಟ್ ಮಾಡಿದಾಗ ಬೇಸ್‌ಮೆಂಟ್ ತುಂಬ ಹೊಗೆ, ವಾಚ್‌ಮನ್ ಓಡಿ ಬಂದರು. ಕಾರು ಕೆಳಗಿಳಿಸಿ, ಬಿಸಿ ಮಾಡಿ ಮತ್ತೆ ಮಟ್ಟ ನೋಡಿದೆ. ಜಾಸ್ತಿಯಾದರೂ ಕೆಟ್ಟದ್ದೇ, ಗೇರುಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ಹಳೇ ಆಯಿಲನ್ನು ಚರಂಡಿಗೆ ಸುರಿಯಲಿಲ್ಲ, ಕ್ಯಾನಿಗೆ ಹಾಕಿ ವೇಸ್ಟ್ ಆಯಿಲ್ ತಗೊಳ್ಳುವ ಒಂದು ಗ್ಯಾರೇಜಿಗೆ ಕೊಟ್ಟೆ.

ನಾಲ್ಕನೇ ವಾರ: ಆಗುಂಬೆ, ಪಕ್ಕದಲ್ಲಿ ಮಾವ

ಹೊಸ ಆಯಿಲ್ ಬೆರೆಯಲು ಓಡಿಸಬೇಕಿತ್ತು, ತೀರ್ಥಹಳ್ಳಿಗೆ ಹೋದೆವು. ಮಾರನೇ ದಿನ ಮಾವನನ್ನು ಕೂರಿಸಿಕೊಂಡು ಉಡುಪಿ ಕಡೆಗೆ. ಮಾವ 25 ವರ್ಷ ಅಂಬಾಸಿಡರ್ ಓಡಿಸಿದವರು. ಆಗುಂಬೆಯಲ್ಲಿ ಇಳಿಯೋಕೆ ಶುರುಮಾಡುತ್ತಿದ್ದ ಹಾಗೆ, "ನ್ಯೂಟ್ರಲ್ ಹಾಕು ಮಾರಾಯ, ಸೋಮೇಶ್ವರದ ತನಕ ಪೆಟ್ರೋಲ್ ಖರ್ಚೇ ಇಲ್ಲ" ಅಂದರು.

ಕಾರ್ಬುರೇಟರ್ ಕಾಲದಲ್ಲಿ ಆ ಮಾತಿಗೆ ಸ್ವಲ್ಪ ಅರ್ಥ ಇತ್ತು, ಅಪಾಯ ಆಗಲೂ ಅಷ್ಟೇ ಇತ್ತು. ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಗಾಲಿಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದ ಹಾಗೆ ಪೆಟ್ರೋಲ್ ಕೊಡಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲೇ ಖರ್ಚು ಜಾಸ್ತಿ! ಮೇಲಾಗಿ ಗೇರ್‌ಬಾಕ್ಸ್ ಒಳಗೆ ಆಯಿಲ್ ಸುತ್ತಿಸುವ ಪಂಪನ್ನು ತಿರುಗಿಸುವುದು ಇಂಜಿನ್. ನ್ಯೂಟ್ರಲ್‌ನಲ್ಲಿ ಇಂಜಿನ್ ನಿಧಾನಕ್ಕೆ, ಗಾಲಿ ಜೋರಾಗಿ. ತಿರುಗುವ ಭಾಗಗಳಿಗೆ ಆಯಿಲ್ ಸಾಕಾಗದೆ ಹೋಗಬಹುದು. ಇಂಜಿನ್ ಆಫ್ ಆದ ಆಟೋಮ್ಯಾಟಿಕ್ ಕಾರಿಗೆ ಹಗ್ಗ ಕಟ್ಟಿ ದೂರ ಎಳೆಯಬಾರದು ಅನ್ನುವುದೂ ಇದಕ್ಕೇ, ಪಂಪೇ ಓಡಲ್ಲ. ಲಾರಿ ಮೇಲೆ ಹಾಕಿಕೊಂಡು ಹೋಗುವುದೇ ಸರಿ.

ನಾನು ಓವರ್‌ಡ್ರೈವ್ ಬಟನ್ ಆಫ್ ಮಾಡಿ (ಆಗ 4ನೇ ಗೇರ್ ಬೀಳಲ್ಲ), ಬ್ರೇಕ್ ಒತ್ತಿ ಸ್ಪೀಡ್ ಇಳಿಸಿ, ಲಿವರ್ 2ಕ್ಕೆ ತಂದೆ. ಇಂಜಿನ್ ಗುಂಯ್ ಅಂತ ಕಾರನ್ನು ಹಿಡಿದುಕೊಂಡಿತು. ಸ್ಪೀಡ್ ಇಳಿಸದೆ 2ಕ್ಕೋ ಎಲ್‌ಗೋ ಎಳೆಯಬಾರದು. 14 ತಿರುವುಗಳಲ್ಲಿ ತೀರಾ ಕಡಿದಾದ ಕಡೆ ಮಾತ್ರ ಎಲ್. "ಗಾಡಿ ಯಾಕೋ ಕಿರುಚ್ತದೆ" ಅಂತ ಮಾವ ಎರಡು ಸಲ ಅಂದರು. ಕೆಳಗೆ ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಪಕ್ಕದ ಕಾರಿನ ಗಾಲಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಮಾವ ನಮ್ಮ ಗಾಲಿ ಹತ್ತಿರ ಬಗ್ಗಿ ಮೂಸಿ ನೋಡಿ, ಏನೂ ಮಾತಾಡದೆ ಚಹಾ ಕುಡಿದರು.

ವಾಪಸ್ ಬರುವಾಗ ಹತ್ತುವ ದಾರಿ, ಅಲ್ಲೂ ಓವರ್‌ಡ್ರೈವ್ ಆಫ್. ಇಲ್ಲದಿದ್ದರೆ 3ಕ್ಕೆ 4ಕ್ಕೆ ಅಂತ ಗೇರ್‌ಬಾಕ್ಸ್ ಒದ್ದಾಡುತ್ತಾ ಬಿಸಿಯಾಗುತ್ತದೆ. ಒಂದು ತಿರುವಿನಲ್ಲಿ ಮೇಲಿನಿಂದ ಬಸ್ಸು ಬಂತು, ನಿಲ್ಲಬೇಕಾಯಿತು. ಬ್ರೇಕ್ ಮೇಲೆ ನಿಂತೆ. ಕೆಲವರು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೇ ಕಾರು ಹಿಡಿದಿಡುತ್ತಾರೆ. ನನ್ನಂಥ ಗೇರ್‌ಬಾಕ್ಸ್‌ನಲ್ಲಿ ಅದರಿಂದ ಆಯಿಲ್ ಕುದಿಯುತ್ತದೆ. ಎಎಂಟಿ (ಮ್ಯಾನುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಾಯಿಸುವ) ಕಾರಾದರೆ ಅದರೊಳಗೆ ಇರುವುದು ಮ್ಯಾನುಯಲ್ ಕಾರಿನ ಕ್ಲಚ್ಚೇ, ನೇರ ಅದನ್ನೇ ಸುಡುತ್ತದೆ. ಗೆಳೆಯನ ಎಎಂಟಿ ಮಾಲ್‌ನ ರ‍್ಯಾಂಪ್‌ನಲ್ಲಿ ಹೀಗೇ ವಾಸನೆ ಹೊಡೆದಿತ್ತು.

ತೀರ್ಥಹಳ್ಳಿ ಹತ್ತಿರ ಬಂದಾಗ ಮಾವ "ಕೊಡು, ನಾನೂ ಸ್ವಲ್ಪ ನೋಡ್ತೇನೆ" ಅಂದರು. ಖಾಲಿ ರಸ್ತೆ, ಕೊಟ್ಟೆ. 200 ಮೀಟರ್ ಹೋಗಿ ಗೇರ್ ಬದಲಾಯಿಸೋಕೆ ಅಂತ ಎಡಗಾಲಲ್ಲಿ ಇಲ್ಲದ ಕ್ಲಚ್ ತುಳಿದರು. ತುಳಿದದ್ದು ಅಗಲವಾದ ಬ್ರೇಕ್ ಪೆಡಲ್. ಹಿಂದಿನ ಸೀಟಿನಲ್ಲಿದ್ದ ಹಲಸಿನ ಹಣ್ಣು ಮುಂದೆ ಬಂತು. ಆಮೇಲೆ ಎಡಗಾಲನ್ನು ಸೀಟಿನ ಕೆಳಗೆ ಮಡಚಿಕೊಂಡು ಬಲಗಾಲೊಂದರಲ್ಲೇ ಓಡಿಸಿದರು, ಚೆನ್ನಾಗೇ ಓಡಿಸಿದರು.

ಬೆಂಗಳೂರಿಗೆ ಬಂದು ಎರಡನೇ ಸಲ ಆಯಿಲ್ ಇಳಿಸಿದೆ, ಇನ್ನೂ ಒಂದಿಷ್ಟು ಓಡಿಸಿ ಮೂರನೇ ಸಲ. ಮೂರು ಸಲದ ಆಯಿಲನ್ನೂ ಒಂದೊಂದು ಗಾಜಿನ ಲೋಟದಲ್ಲಿ ಕಿಟಕಿ ಮೇಲೆ ಇಟ್ಟೆ: ಹುಣಸೆ ರಸ, ಟೀ ಡಿಕಾಕ್ಷನ್, ಕೋಕಂ ಶರಬತ್ತು. ಲೋಟಗಳನ್ನು ಅಡುಗೆಮನೆಗೆ ವಾಪಸ್ ತರಬಾರದು ಅಂತ ಆರ್ಡರ್ ಆಗಿದೆ. ಡ್ರೈವ್‌ಗೆ ಹಾಕಿದರೆ ತಡ ಇಲ್ಲ. ಚಳಿ ಇರುವ ಬೆಳಿಗ್ಗೆ 2ರಿಂದ 3ಕ್ಕೆ ಹೋಗುವಾಗ ಒಂದು ಸಣ್ಣ ಜರ್ಕ್ ಮಾತ್ರ ಉಳಿದಿದೆ, ಎರಡು ಕಿಲೋಮೀಟರ್ ಓಡಿದ ಮೇಲೆ ಅದೂ ಹೋಗುತ್ತದೆ. ಮುಂದಿನ ತಿಂಗಳು ಗೇರ್‌ಬಾಕ್ಸ್ ಅಡಿಯ ಪ್ಯಾನ್ ಇಳಿಸಿ ಒಳಗಿನ ಫಿಲ್ಟರ್ ನೋಡಬೇಕು. ಪ್ಯಾಕಿಂಗ್ ಆರ್ಡರ್ ಮಾಡಿದ್ದೇನೆ, ವಾಚ್‌ಮನ್‌ಗೂ ಮೊದಲೇ ಹೇಳಿಟ್ಟಿದ್ದೇನೆ.